ತಿರುಗುತ್ತದೆಯೋ, ತಿರುಚಿದೆಯೋ?

(ನಮ್ಮ ಮನೆಯವರ ಗುಂಪಿನ ಹೆಸರು ‘ದೊಡ್ಮನೆ’. ಹೋದ ಭಾನುವಾರ ಅಲ್ಲಿ ನಡೆದ ಮಾತು ಇದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಅತ್ತೆಯ ಕೈಮುಗಿಯುವ ಚಿತ್ರಗಳನ್ನೂ ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ.)

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆದ ವಿಡಿಯೋ) ದುಬೈಯಲ್ಲಿ ತಿರುಗುವ ಕಟ್ಟಡ!! ಒಂದೊಂದು ಮಹಡಿಯೂ ಬೇರೆ ಬೇರೆಯಾಗಿ ತಿರುಗುತ್ತದೆ. ಸೂರ್ಯ ಹುಟ್ಟುವುದು, ಮುಳುಗುವುದು, ಎರಡೂ ಒಂದೇ ಕಿಟಕಿಯಲ್ಲಿ. ನಾವು ಇನ್ನೂ ರಸ್ತೆ ಗುಂಡಿ ಮುಚ್ಚುತ್ತಾ ಕೂತಿದ್ದೇವೆ. ಹತ್ತು ಜನಕ್ಕೆ ಕಳಿಸಿ.

ಅತ್ತೆ: ಅಬ್ಬಾ! ಒಳಗಿದ್ದವರಿಗೆ ತಲೆ ಸುತ್ತುವುದಿಲ್ಲವಾ ಅಣ್ಣ?

ದೊಡ್ಡಪ್ಪ: ನಿಧಾನವಾಗಿ ತಿರುಗುತ್ತದಂತೆ. ಗೊತ್ತೇ ಆಗುವುದಿಲ್ಲ.

ನಾನು: ದೊಡ್ಡಪ್ಪ, ಇದು ಕಂಪ್ಯೂಟರಿನಲ್ಲಿ ಮಾಡಿದ ವಿಡಿಯೋ. ಡೇವಿಡ್ ಫಿಶರ್ ಅನ್ನುವ ಆರ್ಕಿಟೆಕ್ಟ್ 2008ರಲ್ಲಿ ಈ ಯೋಜನೆ ತೋರಿಸಿದ್ದರು. 80 ಮಹಡಿ, 420 ಮೀಟರ್. ಮಹಡಿ ಮಹಡಿಗಳ ನಡುವೆ ಗಾಳಿಯಿಂದ ಕರೆಂಟ್ ಮಾಡುವ ಟರ್ಬೈನ್ ಬೇರೆ. ಆದರೆ ಕಟ್ಟಲೇ ಇಲ್ಲ.

ದೊಡ್ಡಪ್ಪ: ಕಟ್ಟದೆ ವಿಡಿಯೋ ಎಲ್ಲಿಂದ ಬಂತು?

ಪೂರ್ಣಿ ಅಕ್ಕ: ಮದುವೆಗೆ ಮೊದಲೇ ಲಗ್ನಪತ್ರಿಕೆ ಬರುವುದಿಲ್ಲವಾ ಅಪ್ಪ, ಹಾಗೆ. ಈ ಮದುವೆ ಮುರಿದುಬಿತ್ತು ಅಷ್ಟೇ.

ದೊಡ್ಡಪ್ಪ: ನಮ್ಮ ಬ್ಯಾಂಕಿನ ಸ್ನೇಹಿತರು ಹೋಗಿ ಕಣ್ಣಾರೆ ನೋಡಿ ಬಂದಿದ್ದಾರೆ. ತಗೋ, ಫೋಟೋ. (ಫೋಟೋ)

ನಾನು: ಇದು ಕಯಾನ್ ಟವರ್. ಇದು ನಿಜವಾಗಿಯೂ ಇದೆ. 2013ರಲ್ಲಿ ಮುಗಿಯಿತು, 306 ಮೀಟರ್ ಎತ್ತರ. ಆದರೆ ತಿರುಗುವುದಿಲ್ಲ ದೊಡ್ಡಪ್ಪ, ತಿರುಚಿಕೊಂಡಿದೆ. ಒಗೆದ ಬಟ್ಟೆ ಹಿಂಡುತ್ತೇವಲ್ಲ, ಹಾಗೆ. ಕೆಳಗಿನ ಮಹಡಿ ಒಂದು ದಿಕ್ಕಿಗೆ ಮುಖ ಮಾಡಿದ್ದರೆ ತುದಿಯದ್ದು ಅದರ ಪಕ್ಕದ ದಿಕ್ಕಿಗೆ. ಒಟ್ಟು 90 ಡಿಗ್ರಿ.

ಚಿಕ್ಕಪ್ಪ: ಇಪ್ಪತ್ತೆಂಟು ವರ್ಷದಿಂದ ತೂಗುಗುಂಡು ಬಿಟ್ಟು ಗೋಡೆ ನೋಡುತ್ತಿದ್ದೇನೆ. ಅರ್ಧ ಇಂಚು ವಾಲಿದರೆ ಮನೆ ಓನರ್ ಬಿಲ್ ತಡೆಯುತ್ತಾನೆ. ಇವರು ಇಡೀ ಕಟ್ಟಡವನ್ನೇ ಹಿಂಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಚಿಕ್ಕಪ್ಪ: ಪ್ರತಿ ಮಹಡಿಗೂ ಹೊಸ ಸೆಂಟ್ರಿಂಗ್. ಹಲಗೆ ಎಲ್ಲ ಕತ್ತರಿಸಿ ಕತ್ತರಿಸಿ ಬಿಸಾಡಬೇಕು. ದುಡ್ಡು ಜಾಸ್ತಿಯಾದವರ ಶೋಕಿ ಇದು.

ನಾನು: ಅಲ್ಲೇ ಇರುವುದು ಜಾಣತನ ಚಿಕ್ಕಪ್ಪ. ನಡುವೆ ಲಿಫ್ಟು, ಮೆಟ್ಟಿಲು ಇರುವ ಭಾಗ ದುಂಡಗಿದೆ. ಅದು ನೆಟ್ಟಗೆ ಮೇಲೆ ಹೋಗುತ್ತದೆ. ಅದರ ಸುತ್ತ ಎಲ್ಲಾ ಮಹಡಿಗೂ ಹೆಚ್ಚುಕಡಿಮೆ ಒಂದೇ ಆಕಾರದ ಸ್ಲ್ಯಾಬ್. ಅದನ್ನೇ ಪ್ರತಿ ಮಹಡಿಗೂ 1.2 ಡಿಗ್ರಿ ತಿರುಗಿಸಿ ಹಾಕುತ್ತಾ ಹೋಗುವುದು. ಶಟರಿಂಗ್ ಮತ್ತೆ ಮತ್ತೆ ಬಳಸಬಹುದು.

ಚಿಕ್ಕಪ್ಪ: ಕಾಲಂ?

ನಾನು: ಹೊರಗಿನ ಕಾಲಂಗಳು ಒಂದೊಂದು ಮಹಡಿಗೂ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಯುತ್ತಾ ಹೋಗುತ್ತವೆ.

ಚಿಕ್ಕಪ್ಪ: ಕಾಲಂ ಪಕ್ಕಕ್ಕೆ ಸರಿದರೆ ಭಾರವೂ ಸರಿಯುತ್ತದೆ ಪುಟ್ಟ. ನಡುವಿನ ಗೋಡೆಯನ್ನು ಅದು ತಿರುಗಿಸಲು ನೋಡುತ್ತದೆ. ಅದಕ್ಕೆ ಕಬ್ಬಿಣ ಜಾಸ್ತಿ ಬೇಕು. ನನಗೆ ಹೇಳಿಕೊಡಬೇಡ.

(ಇದು ಸರಿಯಾದ ಮಾತೇ. ಹಾಗಾಗಿ ನಾನು ಐದು ನಿಮಿಷ ಏನೂ ಬರೆಯಲಿಲ್ಲ.)

ಪೂರ್ಣಿ ಅಕ್ಕ: ಈ ಕಟ್ಟಡದ ಪಾಯಕ್ಕೆ ಸಮುದ್ರದ ನೀರು ನುಗ್ಗಿತ್ತು ಅಲ್ವಾ?

ನಾನು: ಹೌದು, 2007ರಲ್ಲಿ. ಪಕ್ಕದಲ್ಲಿ ದೋಣಿ ನಿಲ್ಲಿಸುವ ಜಾಗ, ಮರೀನಾ, ಅದರ ಗೋಡೆ ಒಡೆದು ಇಡೀ ಗುಂಡಿ ತುಂಬಿಹೋಯಿತು. ಕೆಲಸ ತುಂಬಾ ತಡವಾಯಿತು.

ಚಿಕ್ಕಪ್ಪ: ಅದನ್ನು ಇದಕ್ಕೆ ಸೇರಿಸಬೇಡಿ. ಪಾಯಕ್ಕೆ ನೀರು ನುಗ್ಗುವುದು ನೆಟ್ಟಗಿನ ಕಟ್ಟಡಕ್ಕೂ ಆಗುತ್ತದೆ. ನನಗೆ ಎರಡು ಸಲ ಆಗಿದೆ.

ಅಪ್ಪ: ಇದೆಲ್ಲ ಶುರು ಮಾಡಿದ್ದು ಸ್ವೀಡನ್ನಿನ ಮಾಲ್ಮೋ ಊರಿನ ಕಟ್ಟಡ ಅಲ್ವಾ? ಮನುಷ್ಯ ಸೊಂಟ ತಿರುಗಿಸಿ ನಿಂತ ಹಾಗೆ ಇದೆಯಲ್ಲ.

ನಾನು: ಹೌದು ಅಪ್ಪ, ಟರ್ನಿಂಗ್ ಟಾರ್ಸೊ. 2005. ಸಾಂಟಿಯಾಗೊ ಕಲತ್ರಾವಾ ಅನ್ನುವ ಆರ್ಕಿಟೆಕ್ಟ್ ತಾವೇ ಮಾಡಿದ್ದ ಒಂದು ಶಿಲ್ಪವನ್ನು ಇಟ್ಟುಕೊಂಡು ಮಾಡಿದ್ದು. 190 ಮೀಟರ್. ಐದೈದು ಮಹಡಿಯ ಒಂಬತ್ತು ತುಂಡುಗಳು ಒಂದರ ಮೇಲೊಂದು.

ಅಪ್ಪ: ಅದಕ್ಕಿಂತ ಅದರ ಹಿಂದಿನ ಕತೆ ಚೆನ್ನಾಗಿದೆ. ಮಾಲ್ಮೋ ಹಡಗು ಕಟ್ಟುವ ಊರು. ಅಲ್ಲಿ 138 ಮೀಟರ್ ಎತ್ತರದ ಒಂದು ಕ್ರೇನ್ ಇತ್ತು. ಊರಿನ ಗುರುತೇ ಅದು. ಹಡಗಿನ ಕೆಲಸ ನಿಂತುಹೋಯಿತು. ಆಮೇಲೆ ಆ ಕ್ರೇನನ್ನು ಕೊರಿಯಾದ ಹ್ಯುಂಡೈ ಕಂಪನಿ ಒಂದೇ ಒಂದು ಡಾಲರಿಗೆ ಕೊಂಡುಕೊಂಡು, ಬಿಚ್ಚಿ, ಹಡಗಿನಲ್ಲಿ ತಗೊಂಡು ಹೋಯಿತು. 2002ರಲ್ಲಿ. ಕೊರಿಯಾದವರು ಅದಕ್ಕೆ ‘ಮಾಲ್ಮೋದ ಕಣ್ಣೀರು’ ಅಂತ ಹೆಸರಿಟ್ಟರು. ಹೋದ ಗುರುತಿನ ಜಾಗಕ್ಕೆ ಈ ಕಟ್ಟಡ ಬಂತು.

ಅತ್ತೆ: ಅಯ್ಯೋ ಪಾಪ.

ಚಿಕ್ಕಪ್ಪ: ಅಣ್ಣ, ಪಾಠ ಆಮೇಲೆ. ಪುಟ್ಟ, ಆ ಸ್ವೀಡನ್ ಕಟ್ಟಡದ ನಡುವಿನ ಗೋಡೆ ಎಷ್ಟು ದಪ್ಪ?

ನಾನು: ಬುಡದಲ್ಲಿ ಎರಡೂವರೆ ಮೀಟರ್. ತುದಿಯಲ್ಲಿ 40 ಸೆಂಟಿಮೀಟರ್.

ಚಿಕ್ಕಪ್ಪ: ಎರಡೂವರೆ ಮೀಟರ್ ಅಂದರೆ ಎಂಟು ಅಡಿ! ನಮ್ಮ ದೇವರ ಕೋಣೆ ಅಷ್ಟು ಅಗಲ ಇಲ್ಲ. ನಾನು ಏನು ಹೇಳಿದೆ?

ನಾನು: ಅದು ಆ ಕಟ್ಟಡದ ಮಾತು. ಶಾಂಘೈ ಟವರ್ ತಗೊಳ್ಳಿ. 632 ಮೀಟರ್, 128 ಮಹಡಿ, 2015. ಅಲ್ಲಿ ತಿರುಚಿದ್ದು ಚಂದಕ್ಕಷ್ಟೇ ಅಲ್ಲ, ಗಾಳಿಗೆ. ಮಾದರಿಗಳನ್ನು ಮಾಡಿ ಗಾಳಿ ಸುರಂಗದಲ್ಲಿಟ್ಟು ನೋಡಿದರು. ಸುಮಾರು 120 ಡಿಗ್ರಿ ತಿರುಚಿ, ಮೇಲೆ ಹೋಗುತ್ತಾ ಸಣ್ಣ ಮಾಡಿದಾಗ ಗಾಳಿಯ ಹೊಡೆತ 24% ಕಡಿಮೆಯಾಯಿತು. ನೀವು ಕಬ್ಬಿಣ ಜಾಸ್ತಿ ಬೇಕು ಅಂದಿರಿ. ಅಲ್ಲಿ 5.8 ಕೋಟಿ ಡಾಲರಿನಷ್ಟು ಸಾಮಾನು ಉಳಿಯಿತು ಅಂತ ಕಟ್ಟಡದ ವಿನ್ಯಾಸ ಮಾಡಿದ ಗೆನ್ಸ್ಲರ್ ಕಂಪನಿಯೇ ಲೆಕ್ಕ ಕೊಟ್ಟಿದೆ.

ದೊಡ್ಡಪ್ಪ: ವಿನ್ಯಾಸ ಮಾಡಿದವರೇ ಲೆಕ್ಕ ಕೊಟ್ಟರೆ ಆಡಿಟ್ ಯಾರು ಮಾಡುವುದು?

(ದೊಡ್ಡಪ್ಪ ಬ್ಯಾಂಕಿನವರು.)

ಅತ್ತೆ: ತಿರುಚಿದರೆ ಗಾಳಿ ಯಾಕೆ ಕಡಿಮೆಯಾಗುತ್ತದೆ? ನನಗೂ ಅರ್ಥವಾಗುವ ಹಾಗೆ ಹೇಳು.

ನಾನು: ಜೋಕಾಲಿ ತೂಗಿದ್ದೀರಲ್ಲ ಅತ್ತೆ. ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಸಾಕು, ಏರುತ್ತಾ ಹೋಗುತ್ತದೆ. ಎತ್ತರದ ಕಟ್ಟಡಕ್ಕೂ ಗಾಳಿ ಮಾಡುವುದು ಅದನ್ನೇ. ಗಾಳಿ ಎದುರಿಂದ ಬಂದರೂ, ಕಟ್ಟಡವನ್ನು ದಾಟುವಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಎದ್ದು ಕಳಚಿಕೊಳ್ಳುತ್ತದೆ. ಆಗ ಕಟ್ಟಡ ಪಕ್ಕಕ್ಕೆ ತೂಗುತ್ತದೆ. ಕಟ್ಟಡ ಬುಡದಿಂದ ತುದಿಯವರೆಗೆ ಒಂದೇ ಆಕಾರವಿದ್ದರೆ ಎಲ್ಲಾ ಕಡೆಯೂ ಒಟ್ಟಿಗೇ ತಾಳ ಬೀಳುತ್ತದೆ. ತಿರುಚಿದರೆ ಒಂದೊಂದು ಎತ್ತರದಲ್ಲಿ ಒಂದೊಂದು ಹೊತ್ತಿಗೆ ಸುಳಿ. ತಾಳ ತಪ್ಪಿಹೋಗುತ್ತದೆ.

ಅತ್ತೆ: ನಮ್ಮ ಭಜನಾ ಮಂಡಳಿಯ ಹಾಗೆ.

ಚಿಕ್ಕಪ್ಪ: ಕಾರ್ಖಾನೆಯ ಕಬ್ಬಿಣದ ಚಿಮಣಿಗೆ ತುದಿಯಲ್ಲಿ ಪಟ್ಟಿ ಸುತ್ತಿರುತ್ತಾರಲ್ಲ, ಸ್ಕ್ರೂ ಹಾಗೆ? ಅದೂ ಇದಕ್ಕೇನಾ?

ನಾನು: ಅದಕ್ಕೇ! ಅದೇ ಲೆಕ್ಕ.

ಚಿಕ್ಕಪ್ಪ: ನಾನು ಇಷ್ಟು ದಿನ ಹತ್ತುವುದಕ್ಕೆ ಮಾಡಿದ್ದು ಅಂದುಕೊಂಡಿದ್ದೆ.

ಪೂರ್ಣಿ ಅಕ್ಕ: 😂😂

ನಾನು: ಇನ್ನೊಂದು ವಿಷಯ. ಶಾಂಘೈ ಟವರಿನ ಒಳಗೆ ಏನೂ ತಿರುಚಿಲ್ಲ. ಒಳಗಿನ ಮಹಡಿಗಳು ದುಂಡಗೆ, ಟಿಫನ್ ಕ್ಯಾರಿಯರ್ ಡಬ್ಬಿಗಳ ಹಾಗೆ, ನೆಟ್ಟಗೆ ಒಂದರ ಮೇಲೊಂದು. ಅದರ ಹೊರಗೆ ದೂರದಲ್ಲಿ ಇನ್ನೊಂದು ಗಾಜಿನ ಹೊದಿಕೆ ನೇತುಹಾಕಿದ್ದಾರೆ. ಅದೊಂದೇ ತಿರುಚಿರುವುದು. ನಡುವಿನ ಜಾಗದಲ್ಲಿ ಗಿಡ, ಕೂರುವ ಜಾಗ ಎಲ್ಲ ಇದೆ.

ಅತ್ತೆ: ಅಂದರೆ ಮೈ ನೆಟ್ಟಗಿದೆ, ಸೀರೆ ಸುತ್ತಿದೆ.

ಅಪ್ಪ: ಇಷ್ಟು ಹೊತ್ತಿನಲ್ಲಿ ಇದೊಂದು ಒಳ್ಳೇ ಮಾತು ಬಂತು.

ನಾನು: ನಿಮ್ಮ ತೂಗುಗುಂಡು ಕೂಡ ಅಲ್ಲಿದೆ ಚಿಕ್ಕಪ್ಪ. ತುದಿಯ ಹತ್ತಿರ 1,000 ಟನ್ ಭಾರವನ್ನು ಹಗ್ಗಗಳಲ್ಲಿ ತೂಗುಬಿಟ್ಟಿದ್ದಾರೆ. ಕಟ್ಟಡ ಒಂದು ಕಡೆ ವಾಲಿದರೆ ಅದು ಇನ್ನೊಂದು ಕಡೆ ಎಳೆಯುತ್ತದೆ.

ಚಿಕ್ಕಪ್ಪ: ತಿರುಚಿದರೆ ಗಾಳಿ ಸರಿಹೋಗುವುದಾದರೆ ಸಾವಿರ ಟನ್ ಗುಂಡು ಯಾಕೆ ಬೇಕಾಯಿತು?

ನಾನು: ಕಡಿಮೆಯಾಗುತ್ತದೆ ಅಂದೆ, ನಿಂತುಹೋಗುತ್ತದೆ ಅನ್ನಲಿಲ್ಲ. ಕಟ್ಟಡಕ್ಕೆ ಏನೂ ಆಗದಿದ್ದರೂ ಮೇಲೆ ಕೂತವರಿಗೆ ಹೊಟ್ಟೆ ತೊಳಸಬಾರದಲ್ಲ.

ದೊಡ್ಡಪ್ಪ: ಬೇಲೂರಿನಲ್ಲಿ ನರಸಿಂಹ ಕಂಬ ತಿರುಗುತ್ತಿರಲಿಲ್ಲವಾ? ಅದನ್ನು ಯಾರೂ ಹೇಳುವುದಿಲ್ಲ.

ಅಪ್ಪ: ತಿರುಗುತ್ತಿತ್ತು ಅಂತ ಹೇಳುತ್ತಾರೆ ಅಣ್ಣ. ಈಗ ಮಾತು ಅದಲ್ಲ.

ಪೂರ್ಣಿ ಅಕ್ಕ: ಇಲ್ಲಿ ಕೆನಡಾದ ನಮ್ಮ ಮಿಸಿಸಾಗಾದಲ್ಲೂ ಎರಡಿವೆ. (ಫೋಟೋ) ಅಬ್ಸಲ್ಯೂಟ್ ವರ್ಲ್ಡ್. ಒಂದು 56 ಮಹಡಿ, ಇನ್ನೊಂದು 50. 2012ರಲ್ಲಿ ಮುಗಿದದ್ದು. ದೊಡ್ಡದು 209 ಡಿಗ್ರಿ ತಿರುಚಿದೆ. ದಿನಾ ಅದರ ಮುಂದೆಯೇ ಓಡಾಡುತ್ತೇನೆ. ಇಲ್ಲಿನ ಜನ ಮರ್ಲಿನ್ ಮನ್ರೋ ಅಂತ ಕರೆಯುತ್ತಾರೆ.

ಅತ್ತೆ: ಯಾರದು?

ಪೂರ್ಣಿ ಅಕ್ಕ: ಹಳೇ ಸಿನಿಮಾ ನಟಿ ಅತ್ತೆ. ಕಟ್ಟಡದ ನಡು ನೋಡಿ ಇಟ್ಟ ಹೆಸರು.

ಅಪ್ಪ: ಗುಂಪಿನಲ್ಲಿ ಬರುವುದನ್ನೆಲ್ಲ ಅಮ್ಮನಿಗೆ ಓದಿ ಹೇಳುತ್ತಿದ್ದಾಳೆ ನಿಮ್ಮತ್ತೆ. ಹುಷಾರು.

ಅತ್ತೆ: ಓದಿ ಆಯ್ತು. ಅಮ್ಮ ಕೇಳುತ್ತಿದ್ದಾಳೆ: ಗೋಡೆ ಡೊಂಕಾಗಿದ್ದರೆ ಮಂಚ, ಬೀರು ಎಲ್ಲಿ ಒರಗಿಸುತ್ತಾರೆ? ಬಟ್ಟೆ ಎಲ್ಲಿ ಒಣಗಿಸುತ್ತಾರೆ?

ಪೂರ್ಣಿ ಅಕ್ಕ: ಸ್ನೇಹಿತೆಯ ಮನೆ ಅಲ್ಲೇ ಇದೆ, ಹೋಗಿದ್ದೆ. ಒಳಗಿನ ಗೋಡೆಗಳು ನೆಟ್ಟಗೇ ಇವೆ ಅಂತ ಅಜ್ಜಿಗೆ ಹೇಳಿ. ಮಹಡಿ ಮೊಟ್ಟೆ ಆಕಾರದಲ್ಲಿದೆ, ಸುತ್ತ ಬಾಲ್ಕನಿ. ಅಲ್ಲಿ ನಿಂತು ಮೇಲೆ ನೋಡಿದರೆ ಒಂದು ಕಡೆ ಮೇಲಿನವರ ಬಾಲ್ಕನಿ ತಲೆ ಮೇಲೆ ಬರುತ್ತದೆ. ನಾಲ್ಕು ಹೆಜ್ಜೆ ಆಚೆ ಹೋದರೆ ತಲೆ ಮೇಲೆ ಆಕಾಶ. ಕೆಳಗಿನ ಮನೆಯ ನಕ್ಷೆ ಮೇಲಿನದಕ್ಕೆ ಹೊಂದುವುದಿಲ್ಲ, ಒಂದೊಂದೂ ಬೇರೆ.

ಚಿಕ್ಕಪ್ಪ: 56 ಮಹಡಿಗೆ ಗಾಳಿಯ ಕಾರಣ ಹೇಳಬೇಡಿ. ಅಲ್ಲಿ ಯಾಕೆ ತಿರುಚಿದರು?

ನಾನು: ಚಂದಕ್ಕೇ. ಮಾ ಯಾನ್‌ಸಾಂಗ್ ಅನ್ನುವ ಚೀನಾದ ಆರ್ಕಿಟೆಕ್ಟಿನ ಮ್ಯಾಡ್ ಸಂಸ್ಥೆ ಮಾಡಿದ್ದು. ಸುತ್ತ ಬರೀ ಪೆಟ್ಟಿಗೆಗಳಿದ್ದ ಜಾಗದಲ್ಲಿ ಪೆಟ್ಟಿಗೆಯಲ್ಲದ್ದು ಬೇಕಿತ್ತು.

ಚಿಕ್ಕಪ್ಪ: ಒಪ್ಪಿಕೊಂಡೆಯಲ್ಲ. ಸಾಕು.

ಪೂರ್ಣಿ ಅಕ್ಕ: ಚಂದಕ್ಕೆ ಆದರೆ ತಪ್ಪೇನು ಚಿಕ್ಕಪ್ಪ? ಆ ಎರಡು ಕಟ್ಟಡ ಬರುವ ಮೊದಲು ಮಿಸಿಸಾಗಾ ಅಂದರೆ ಟೊರೊಂಟೊ ಪಕ್ಕದ ಊರು ಅಂತಲೇ ಹೇಳಬೇಕಿತ್ತು.

ಚಿಕ್ಕಪ್ಪ: ಚಂದಕ್ಕೆ ಹೋಗಿ ಗುಂಡಿಗೆ ಬಿದ್ದವರೂ ಇದ್ದಾರೆ. ಷಿಕಾಗೊದ್ದು ನಾನೂ ಓದಿದ್ದೇನೆ.

ನಾನು: ಅದು ನಿಜ. ಅದೂ ಕಲತ್ರಾವಾ ಅವರದ್ದೇ. ಷಿಕಾಗೊ ಸ್ಪೈರ್, 610 ಮೀಟರ್, ಸ್ಕ್ರೂ ಹಾಗೆ ತಿರುಚಿದ್ದು. 2007ರಲ್ಲಿ ಶುರು, 2008ರಲ್ಲಿ ದುಡ್ಡು ನಿಂತಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಇದ್ದದ್ದು 70 ಅಡಿಗಿಂತ ಆಳದ ದುಂಡಗಿನ ಗುಂಡಿ ಮಾತ್ರ.

ದೊಡ್ಡಪ್ಪ: ಅಂದರೆ ಗುಂಡಿ ಅಮೆರಿಕದಲ್ಲೂ ಇತ್ತು.

ನಾನು: ದೊಡ್ಡಪ್ಪ, ಬೆಳಿಗ್ಗೆಯಿಂದ ಒಂದು ವಿಷಯ ಬಚ್ಚಿಟ್ಟಿದ್ದೆ. ಈಗ ಹೇಳಿಬಿಡುತ್ತೇನೆ. ಬ್ರೆಜಿಲ್‌ನ ಕುರಿಟೀಬಾ ಊರಿನಲ್ಲಿ ನಿಜವಾಗಿಯೂ ತಿರುಗುವ ಕಟ್ಟಡ ಇದೆ. ಸ್ವೀಟ್ ವೊಲಾರ್. 2001ರದ್ದು, 11 ಮಹಡಿ. ಮನೆಗಳು ಒಂದೊಂದೂ ಬೇರೆ ಬೇರೆಯಾಗಿ ಸುತ್ತುವ ಹಾಗೆ ಕಟ್ಟಿದ್ದಾರೆ.

ದೊಡ್ಡಪ್ಪ: ನೋಡಿದಿರಾ!!! ಬೆಳಿಗ್ಗೆಯೇ ಹೇಳಿದೆ ನಾನು.

ಪೂರ್ಣಿ ಅಕ್ಕ: ಅಪ್ಪ, ನೀವು ಹೇಳಿದ್ದು ದುಬೈ.

ದೊಡ್ಡಪ್ಪ: ಊರು ಹಿಂದೆಮುಂದೆ ಆಗಿರಬಹುದು. ತಿರುಗುತ್ತದೋ ಇಲ್ಲವೋ?

ನಾನು: ತಿರುಗುತ್ತದೆ.

ದೊಡ್ಡಪ್ಪ: ಅಷ್ಟೇ. ಊಟಕ್ಕೆ ಹೋಗುತ್ತೇನೆ.

(ರಾತ್ರಿ 11:20. ಗುಂಪಿನಲ್ಲಲ್ಲ, ನನಗೊಬ್ಬನಿಗೆ.)

ಚಿಕ್ಕಪ್ಪ: ಎಚ್ಚರ ಇದ್ದೀಯಾ? 1.2 ಡಿಗ್ರಿ ಅಂದೆಯಲ್ಲ. ನಡುವಿನಿಂದ ಅಂಚಿಗೆ 20 ಅಡಿ ಇದ್ದರೆ, ಅಂಚು ಐದು ಇಂಚು ಸರಿಯುತ್ತದೆ. ಲೆಕ್ಕ ಹಾಕಿದೆ. ಸರಿನಾ?

ನಾನು: ಸರಿ ಇದೆ. ಯಾಕೆ ಚಿಕ್ಕಪ್ಪ?

ಚಿಕ್ಕಪ್ಪ: ಐದು ಇಂಚು ಅಂದರೆ ಒಂದು ಇಟ್ಟಿಗೆ ಅಗಲ, ಮೇಲೆ ಸ್ವಲ್ಪ. ಅಷ್ಟಕ್ಕೆ ಬೀಮ್ ಬೇಕಾಗುವುದಿಲ್ಲ, ಸ್ಲ್ಯಾಬನ್ನೇ ಮುಂದೆ ಚಾಚಬಹುದು.

ನಾನು: ಯಾರದಾದರೂ ಮನೆಗೆ ಮಾಡುತ್ತಿದ್ದೀರಾ?

ಚಿಕ್ಕಪ್ಪ: ಇಲ್ಲಪ್ಪ. ಸುಮ್ನೆ ಕೇಳಿದೆ. ಮಲಗು.