ಹಳೆಯ ಷೆವ್ರೊಲೆ 350ಕ್ಕೆ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಸಾಕೇ, ರೋಲರ್‌ಗೇ ಹೋಗಬೇಕೇ?

ಪ್ರಶ್ನೆ

1970ರ ದಶಕದ ಆರಂಭದ ಷೆವ್ರೊಲೆ 350 (350 ಘನ ಇಂಚಿನ ವಿ8) ಎಂಜಿನ್ ಬಿಚ್ಚಿಟ್ಟುಕೊಂಡು ಕುಳಿತಿದ್ದೇನೆ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವುದೇ ದೊಡ್ಡ ಖರ್ಚು. ಹೆಡ್‌ಗಳು ಕಂಪನಿಯ ಹಳೆಯ ಎರಕದ ಕಬ್ಬಿಣದವೇ, ಕಂಪ್ರೆಷನ್ 8.5ರ ಆಸುಪಾಸು. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಂಜಿನ್ನಿಗೂ ಅದಕ್ಕೂ ನಡುವಿನ ಟಾರ್ಕ್ ಕನ್ವರ್ಟರ್ ಬದಲಿಸುವುದಿಲ್ಲ. ದಿನಬಳಕೆಯ ಗಾಡಿ, 5,500 ಆರ್‌ಪಿಎಂ ದಾಟಿಸುವ ಆಸೆ ನನಗಿಲ್ಲ.

ವಾಲ್ವ್ ತೆರೆಯುವ ಕ್ಯಾಮ್ ದಂಡದ ಮೇಲೆ ಬಹುತೇಕ ಚಪ್ಪಟೆ ಅಡಿಯ ಲಿಫ್ಟರ್ (ಟ್ಯಾಪೆಟ್) ಜಾರುವ ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್ ಕಿಟ್ ಅಗ್ಗ, ಆದರೆ ಲೋಬ್ (ಕ್ಯಾಮಿನ ಉಬ್ಬು) ಸವೆದುಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಲಿಫ್ಟರಿನ ಅಡಿಗೆ ಚಕ್ರವಿರುವ ರೋಲರ್ ಹಾಕಿದರೆ ಹೆಡ್ ಕೆಲಸಕ್ಕೆಂದು ತೆಗೆದಿಟ್ಟ ಹಣವೂ ಅದರಲ್ಲೇ ಮುಗಿಯುತ್ತದೆ. ಗೆಳೆಯನೊಬ್ಬ ಬೇರೆ, 0.050 ಇಂಚಿನಲ್ಲಿ (ಲಿಫ್ಟರ್ ಅಷ್ಟು ಎದ್ದಲ್ಲಿಂದ ಅಳೆದು) 236 ಡಿಗ್ರಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ), 0.480 ಇಂಚು ಲಿಫ್ಟ್ (ವಾಲ್ವ್ ಏಳುವ ಎತ್ತರ) ಇರುವ ಕ್ಯಾಮ್ ಹಾಕು, ಐಡಲ್ ಸದ್ದಿಗೇ ಜನ ತಿರುಗಿ ನೋಡುತ್ತಾರೆ ಎನ್ನುತ್ತಾನೆ. ಏನು ಮಾಡಲಿ?

ಉತ್ತರ 1

ತಿರುಗಿ ನೋಡಿದವರೇ ಸಿಗ್ನಲ್ ಹಸಿರಾದ ಮೇಲೆ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ಅಷ್ಟು ಡ್ಯುರೇಷನ್ ಇದ್ದರೆ ಇನ್‌ಟೇಕ್ ವಾಲ್ವ್ ಬಹಳ ತಡವಾಗಿ ಮುಚ್ಚುತ್ತದೆ. ಕಡಿಮೆ ವೇಗದಲ್ಲಿ ಮೇಲೇರುವ ಪಿಸ್ಟನ್, ಒಳಗೆ ಬಂದ ಗಾಳಿಯಲ್ಲಿ ಒಂದಷ್ಟನ್ನು ಮತ್ತೆ ಮ್ಯಾನಿಫೋಲ್ಡಿಗೇ ತಳ್ಳುತ್ತದೆ. 8.5 ಕಂಪ್ರೆಷನ್ ಮೊದಲೇ ಸೊರಗಿದ್ದು. ಅದರಲ್ಲಿಯೂ ಸೋರಿಕೆ ಎಂದರೆ ಗಾಡಿ ಎಳೆಯುವುದಾದರೂ ಹೇಗೆ? ಕಂಪನಿಯ ಕನ್ವರ್ಟರ್ ಆ ಕ್ಯಾಮ್ ಎಚ್ಚರಗೊಳ್ಳುವ ವೇಗಕ್ಕೆ ಎಂಜಿನನ್ನು ಏರಲು ಬಿಡುವುದೂ ಇಲ್ಲ. ಪವರ್ ಬ್ರೇಕ್ ಇದ್ದರೆ ವ್ಯಾಕ್ಯೂಮ್ ಸಾಲದೆ ಪೆಡಲ್ ಕಲ್ಲಿನಂತಾಗುತ್ತದೆ. ನಿಮ್ಮ ಎಂಜಿನ್ನಿಗೆ 0.050ರಲ್ಲಿ 210ರಿಂದ 218 ಡಿಗ್ರಿ, ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬುಗಳ ನಡುವಿನ ಕೋನ) 110 ಅಥವಾ 112, ಲಿಫ್ಟ್ 0.450ರ ಒಳಗೆ. ಇದಕ್ಕಿಂತ ದೊಡ್ಡದು ಹಾಕುವುದಾದರೆ ಮೊದಲು ಕಂಪ್ರೆಷನ್ನಿಗೂ ಕನ್ವರ್ಟರಿಗೂ ದುಡ್ಡು ಹೊಂದಿಸಿಕೊಳ್ಳಿ.

ಇನ್ನು ಲಿಫ್ಟರ್ ವಿಷಯ. ಫ್ಲಾಟ್ ಟ್ಯಾಪೆಟ್ ಬದುಕುವುದು ತಿರುಗುವುದರಿಂದ. ಲೋಬಿನ ಮೇಲ್ಮೈ ಒಂದು ಕಡೆಗೆ ಕೂದಲೆಳೆಯಷ್ಟು ಇಳಿಜಾರು, ಲಿಫ್ಟರಿನ ಅಡಿ ಕೂದಲೆಳೆಯಷ್ಟು ಉಬ್ಬು. ಹೀಗಾಗಿ ಲೋಬ್ ತಾಗಿದಾಗಲೆಲ್ಲ ಲಿಫ್ಟರ್ ತನ್ನ ತೂತಿನಲ್ಲೇ ಸುತ್ತುತ್ತದೆ, ಸವೆತ ಒಂದೇ ಜಾಗಕ್ಕೆ ಬೀಳುವುದಿಲ್ಲ. ಹೊಸ ಲಿಫ್ಟರುಗಳು ಬಂದಾಗ ಎರಡನ್ನು ತೆಗೆದುಕೊಂಡು ಅಡಿಗೆ ಅಡಿ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ತಾಗಿ, ಸುತ್ತಲೂ ಅಂಚಿನಲ್ಲಿ ಸಣ್ಣ ಬೆಳಕಿನ ಗೆರೆ ಕಾಣಬೇಕು. ಬೆರಳಿನಿಂದ ಒತ್ತಿದರೆ ಒಂದರ ಮೇಲೊಂದು ತುಸು ತೊನೆಯಬೇಕು. ಎರಡೂ ಮಟ್ಟಸವಾಗಿ ಕೂತರೆ ಪೆಟ್ಟಿಗೆ ಸಮೇತ ಹಿಂದಿರುಗಿಸಿ. ಹದಿನಾರನ್ನೂ ಹೀಗೆ ನೋಡಿ. ಕ್ಯಾಮ್ ಒಳಗಿಟ್ಟ ಮೇಲೆ ಪುಶ್‌ರಾಡುಗಳಿಗೆ (ಲಿಫ್ಟರಿನಿಂದ ಮೇಲಿನ ರಾಕರ್ ತೋಳನ್ನು ತಳ್ಳುವ ಸರಳುಗಳು) ಮಾರ್ಕರಿನಿಂದ ಗೆರೆ ಎಳೆದು ಎಂಜಿನನ್ನು ಕೈಯಿಂದ ಸುತ್ತಿಸಿ; ಯಾವ ಗೆರೆ ಕದಲುವುದಿಲ್ಲವೋ ಆ ತೂತನ್ನು ಅಲ್ಲಿಯೇ ಪರೀಕ್ಷಿಸಿ.

ಲೋಬ್ ಹಾಳಾಗುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ. ಲೋಬಿಗೂ ಲಿಫ್ಟರಿನ ಅಡಿಗೂ ಮಾಲಿ ಪೇಸ್ಟ್ (ಮಾಲಿಬ್ಡಿನಮ್ ಇರುವ ಗ್ರೀಸು) ಬಳಿಯಿರಿ. ಆಯಿಲ್ ಪಂಪಿಗೆ ಡ್ರಿಲ್ ಕೊಟ್ಟು ರಾಕರುಗಳವರೆಗೆ ಎಣ್ಣೆ ಏರಿಸಿ. ಇಗ್ನಿಷನ್ ಟೈಮಿಂಗ್, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಎಲ್ಲ ಸಿದ್ಧ ಮಾಡಿಕೊಂಡೇ ಕೀಲಿ ತಿರುಗಿಸಿ. ಸ್ಟಾರ್ಟರಿನಲ್ಲಿ ಎಳೆದಾಡಿಸುತ್ತ ಕೂರಬೇಡಿ. ಹತ್ತಿಕೊಂಡ ಕೂಡಲೇ 2,000ದಿಂದ 2,500 ಆರ್‌ಪಿಎಂ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಿ. ಐಡಲಿಗೆ ಬಿಡಲೇಬೇಡಿ, ಏಕೆಂದರೆ ಲೋಬಿಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದ. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ತೆಗೆದು ಈ ಕೆಲಸ ಮುಗಿಸಿ, ಆಮೇಲೆ ಹಾಕಿ. ಎಣ್ಣೆಯಲ್ಲಿ ಸತು ಮತ್ತು ರಂಜಕ ಇರಬೇಕು. 2004ರ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದ ಈಚೆಗೆ ಪೆಟ್ರೋಲ್ ಕಾರಿನ ತೆಳು ಎಣ್ಣೆಗಳಲ್ಲಿ ರಂಜಕ 800 ಪಿಪಿಎಂ ಮೀರುವಂತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರಿಗೆ ಅದು ಒಳ್ಳೆಯದು, ನಿಮ್ಮ ಕ್ಯಾಮಿಗಲ್ಲ. ಬ್ರೇಕ್-ಇನ್ (ಹೊಸ ಕ್ಯಾಮನ್ನು ಪಳಗಿಸುವ) ಎಣ್ಣೆ ಎಂದೇ ಮಾರುವುದನ್ನು ಕೊಳ್ಳಿ.

ರೋಲರ್ ಒಳ್ಳೆಯದೇ. ವಾಲ್ವನ್ನು ಬೇಗ ಎತ್ತಿ ಬೇಗ ಇಳಿಸುತ್ತದೆ, ಘರ್ಷಣೆ ಕಡಿಮೆ, ಬ್ರೇಕ್-ಇನ್ ತಲೆನೋವಿಲ್ಲ. ಆದರೆ ನಿಮ್ಮ ಬ್ಲಾಕಿಗೆ ಲಿಂಕ್ ಬಾರ್ (ಎರಡೆರಡನ್ನು ಜೋಡಿಸಿ ತಿರುಗದಂತೆ ಹಿಡಿಯುವ ಪಟ್ಟಿ) ಇರುವ ಲಿಫ್ಟರ್, ಗಿಡ್ಡ ಪುಶ್‌ರಾಡ್, ಕ್ಯಾಮ್ ಮುಂದೆ ಸರಿಯದಂತೆ ಬಟನ್, ಗಟ್ಟಿ ಸ್ಪ್ರಿಂಗ್ ಎಲ್ಲ ಬೇಕು. ಆ ಹಣವನ್ನು ವಾಲ್ವ್ ಸೀಟ್ ಕೆಲಸಕ್ಕೆ, ಕ್ಯಾಮಿಗೆ ಒಪ್ಪುವ ಹೊಸ ಸ್ಪ್ರಿಂಗಿಗೆ ಹಾಕುವುದೇ ನನ್ನ ಪ್ರಕಾರ ಸರಿ.

ಉತ್ತರ 2

ಸಾಲಿಡ್ (ಹೈಡ್ರಾಲಿಕ್ ಅಲ್ಲದ, ಗಟ್ಟಿ) ಫ್ಲಾಟ್ ಟ್ಯಾಪೆಟ್ ಅನ್ನು ಏಕೆ ಎಲ್ಲರೂ ಮರೆಯುತ್ತಾರೆ? ಬೆಲೆ ಹೆಚ್ಚೂಕಡಿಮೆ ಅಷ್ಟೇ. ಒಳಗೆ ಎಣ್ಣೆ ತುಂಬಿ ಲಿಫ್ಟರ್ ಉಬ್ಬಿ ವಾಲ್ವ್ ಮುಚ್ಚದೆ ಉಳಿಯುವ ರಗಳೆ ಇಲ್ಲ. ಫೀಲರ್ ಗೇಜ್ ಹಿಡಿದು ಆಗಾಗ ಲ್ಯಾಶ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು) ನೋಡಿಕೊಂಡರಾಯಿತು. ಟಿಕ್ ಟಿಕ್ ಸದ್ದು ನನಗಂತೂ ಇಷ್ಟ.

ಉತ್ತರ 1

6,500ರವರೆಗೆ ಏರಿಸುವವರಿಗೆ ನೀವು ಹೇಳಿದ್ದು ಸರಿ. ಇವರು 5,500ಕ್ಕೇ ನಿಲ್ಲುತ್ತಾರೆ. ಅಲ್ಲಿಯವರೆಗೆ ಹೈಡ್ರಾಲಿಕ್ ಲಿಫ್ಟರ್ ಉಬ್ಬುವ ಪ್ರಶ್ನೆಯೇ ಬರುವುದಿಲ್ಲ, ಸ್ಪ್ರಿಂಗ್ ಸರಿಯಿದ್ದರೆ. ಮೇಲಾಗಿ ಸಾಲಿಡ್ ಆದರೂ ಫ್ಲಾಟ್ ಫ್ಲಾಟೇ, ಬ್ರೇಕ್-ಇನ್ ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಗುಜರಿಯಲ್ಲಿ 1990ರ ಸುಮಾರಿನ ಟ್ರಕ್ಕಿನ 350 ಒಂದಿದೆ. ಅದರ ಬ್ಲಾಕಿನಲ್ಲಿ ರೋಲರ್ ಕೂರುತ್ತದಂತೆ. ನಂಬಬಹುದೇ?

ಉತ್ತರ 1

ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆಸಿ ನೋಡದೆ ನಂಬಬೇಡಿ. 1987ರಿಂದ ಕಾರುಗಳ 350ರಲ್ಲಿ ಕಂಪನಿಯೇ ಹೈಡ್ರಾಲಿಕ್ ರೋಲರ್ ಹಾಕುತ್ತಿತ್ತು, 1996ರ ವೋರ್ಟೆಕ್ ಟ್ರಕ್ ಎಂಜಿನ್ನಿನಲ್ಲೂ ಇತ್ತು. ನಡುವಿನ ಟ್ರಕ್ ಎಂಜಿನುಗಳಲ್ಲಿ ಫ್ಲಾಟ್ ಟ್ಯಾಪೆಟ್ಟೇ. ಆದರೂ ಅವುಗಳಲ್ಲಿ ಅನೇಕ ಬ್ಲಾಕುಗಳ ಎರಕ ರೋಲರಿನದೇ. ಲಿಫ್ಟರುಗಳ ನಡುವಿನ ಕಣಿವೆಯಲ್ಲಿ ರೋಲರ್ ಲಿಫ್ಟರುಗಳ ಹಿಡಿಕೆಗಳನ್ನು ಒತ್ತಿಡುವ ತಗಡಿನ ಸ್ಪೈಡರ್ ಬಿಗಿಯುವ ಮೂರು ಗುಬುಟುಗಳಿರಬೇಕು, ಲಿಫ್ಟರ್ ತೂತುಗಳ ಬಾಯಿ ಎತ್ತರವಾಗಿರಬೇಕು. ಗುಬುಟಿಗೆ ತೂತು ಕೊರೆದಿಲ್ಲದಿದ್ದರೆ ಡ್ರಿಲ್, ಟ್ಯಾಪ್ ಹಾಕಿಸಬಹುದು. ಟೈಮಿಂಗ್ ಕವರಿನ ಹಿಂದೆ ಕ್ಯಾಮ್ ತಡೆಯುವ ತಟ್ಟೆಯ ಬೋಲ್ಟ್ ತೂತುಗಳನ್ನೂ ನೋಡಿ.

ಬ್ಲಾಕ್ ಹೊಂದಿದರೆ ನನ್ನ ಸಲಹೆ ಪೂರ್ತಿ ಬದಲಾಗುತ್ತದೆ, ರೋಲರೇ ಹಾಕಿ. ಸವೆಯದ, ಚಕ್ರ ಸಲೀಸಾಗಿ ಸುತ್ತುವ ಹಳೆಯ ರೋಲರ್ ಲಿಫ್ಟರುಗಳನ್ನು ಹೊಸ ಕ್ಯಾಮಿನ ಮೇಲೂ ಬಳಸಬಹುದು. ಫ್ಲಾಟ್ ಟ್ಯಾಪೆಟ್ಟಿನಲ್ಲಿ ಹಾಗೆ ಮಾಡಿದರೆ ಕ್ಯಾಮ್ ಹೋಯಿತೆಂದೇ ಲೆಕ್ಕ. ಟೈಮಿಂಗ್ ಚೈನ್ ಸೆಟ್ ಮಾತ್ರ ಆ ಕ್ಯಾಮಿನ ಮೂತಿಗೆ ಹೊಂದುವಂಥದ್ದೇ ಬೇಕು. ಆ ಬ್ಲಾಕಿನಲ್ಲಿ ಕ್ರ್ಯಾಂಕಿನ ಹಿಂದಿನ ಎಣ್ಣೆ ಸೀಲ್ ಒಂದೇ ತುಂಡಿನದಾದ್ದರಿಂದ ನಿಮ್ಮ ಹಳೆಯ ಕ್ರ್ಯಾಂಕೂ ಫ್ಲೆಕ್ಸ್‌ಪ್ಲೇಟೂ (ಕ್ರ್ಯಾಂಕನ್ನು ಕನ್ವರ್ಟರಿಗೆ ಜೋಡಿಸುವ ತಟ್ಟೆ) ನೇರವಾಗಿ ಅದಕ್ಕೆ ಕೂರುವುದಿಲ್ಲ. ಟ್ರಕ್ಕಿನ ಕ್ರ್ಯಾಂಕ್, ಫ್ಲೆಕ್ಸ್‌ಪ್ಲೇಟ್ ಎರಡನ್ನೂ ಸೇರಿಸಿಯೇ ಬೆಲೆ ಮಾತಾಡಿ. ಡಿಸ್ಟ್ರಿಬ್ಯೂಟರ್ ಗೇರ್ ಕ್ಯಾಮಿನ ಲೋಹಕ್ಕೆ ಹೊಂದುತ್ತದೆಯೇ ಎಂದು ಕ್ಯಾಮ್ ತಯಾರಕರ ಚೀಟಿಯಲ್ಲಿ ನೋಡಿಕೊಳ್ಳಿ.