ಅಪ್‌ಡೇಟ್: ಅದು ಮೊಡವೆಯೇ ಅಲ್ಲವಂತೆ

38ನೇ ವಯಸ್ಸಲ್ಲಿ ಕೆನ್ನೆ, ಮೂಗಿನ ಮೇಲೆಲ್ಲ ಕೆಂಪು ಗುಳ್ಳೆ, ಮೊಡವೆ ಕ್ರೀಮ್ ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಿದರೆ ಉರಿ ಜಾಸ್ತಿ ಅಂತ ಈ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕೊನೆಗೂ ಚರ್ಮದ ಡಾಕ್ಟರಿಗೆ ತೋರಿಸಿದೆ. ರೊಸೇಶಿಯಾ ಅಂದರು, ಅಂದರೆ ಮುಖ ಕೆಂಪಾಗಿ ಮೊಡವೆಯಂಥ ಗುಳ್ಳೆ ಏಳೋ ದೀರ್ಘಕಾಲದ ಚರ್ಮದ ತೊಂದರೆ. ಮುಖದಲ್ಲಿ ಒಂದೂ ಬ್ಲ್ಯಾಕ್‌ಹೆಡ್ ಇಲ್ಲ, ಮೊಡವೆಯಾದರೆ ಸಾಮಾನ್ಯವಾಗಿ ಇರುತ್ತಂತೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣಲ್ಲ, ಹಾಗಾಗಿ ಗುರುತಿಸೋದೂ ತಡ.

"ಬೇರೆ ಏನಾದರೂ ಹಚ್ತಿದ್ರಾ?" ಅಂದಾಗ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದಿದ್ದ ಬೆಟಾಮೆಥಾಸೋನ್ ಟ್ಯೂಬ್ ತೋರಿಸಿದೆ. (ನಿಮಗೂ ಹೇಳಿರಲಿಲ್ಲ, ನಾಚಿಕೆ.) ಅದು ಸ್ಟೀರಾಯ್ಡ್. ಮೊದಲು ತಣಿಸುತ್ತೆ, ಆಮೇಲೆ ಇನ್ನಷ್ಟು ಕೆರಳಿಸುತ್ತೆ. ಬಿಟ್ಟ ಮೇಲೆ ಎರಡು ವಾರ ಮುಖ ಕೆಂಡದ ಹಾಗಿತ್ತು!

ಈಗ ಮೆಟ್ರೊನಿಡಜೋಲ್ ಜೆಲ್, ಡಾಕ್ಸಿಸೈಕ್ಲಿನ್ ಮಾತ್ರೆ, ಸನ್‌ಸ್ಕ್ರೀನ್. ಎಂಟನೇ ವಾರ. ಗುಳ್ಳೆ ಇಳಿದಿವೆ, ಕೆಂಪು ಪೂರ್ತಿ ಹೋಗಿಲ್ಲ. ಬಿಸಿ ಸಾರು ಕುಡಿದರೆ ಈಗಲೂ ಕೆನ್ನೆ ಕಾವೇರುತ್ತೆ.