ಸಹಾಯ ಬೇಕು: ಅಜ್ಜಿ ಮನೆ ಗೋಡೆಯ ಆ ನೀಲಿ
ಚಿಕ್ಕಮಗಳೂರಿನವರೇ, ಪೇಂಟಿಂಗ್ ಗೊತ್ತಿರುವವರು ದಯವಿಟ್ಟು ಹೇಳಿ. ಅಡುಗೆಮನೆ ಗೋಡೆಗೆ ನನಗೆ ಒಂದೇ ಒಂದು ನೀಲಿ ಬೇಕು, ಹಬ್ಬಕ್ಕೆ ಮುಂಚೆ ಅಜ್ಜಿ ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿ ಪುಡಿ ಕಲಸಿ ಬಳಿಯುತ್ತಿದ್ದರಲ್ಲ, ಅದು. ಹಸಿ ಇದ್ದಾಗ ಗಾಢ, ಒಣಗಿದ ಮೇಲೆ ಸಂಜೆ ಊರಿಂದ ಕಾಣುವ ಮುಳ್ಳಯ್ಯನಗಿರಿ ಬಣ್ಣ. (ಹತ್ತಿರ ಹೋದರೆ ಬೆಟ್ಟ ಹಸಿರೇ. ನಡುವಿನ ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ಅದಕ್ಕೇ ದೂರಕ್ಕೆ ಹಾಗೆ ಕಾಣುವುದು. ಗೊತ್ತು, ಆದರೂ ನನಗೆ ಅದೇ ಬೇಕು.) ಶೇಡ್ ಕಾರ್ಡಿನಲ್ಲಿ ಸಿಗಲಿಲ್ಲ. 2022ರಲ್ಲಿ ಗಿರಿಯಲ್ಲಿ ತೆಗೆದ ಕುರಿಂಜಿ ಹೂವಿನ ಫೋಟೋ ತೋರಿಸಿದರೆ ಅಂಗಡಿಯವರು ನೇರಳೆ ಕಲಸಿಕೊಟ್ಟರು! ಒಂದು ಬಕೆಟ್ ಸುಣ್ಣಕ್ಕೆ ಎಷ್ಟು ಪುಡಿ ಹಾಕಬೇಕು? ಮುಟ್ಟಿದರೆ ಕೈಗೆ ಹತ್ತದಿರಲು ಅಂಟು ಸೇರಿಸಬೇಕಾ? ಹಳೆ ಡಿಸ್ಟೆಂಪರ್ ಪೂರ್ತಿ ಕೆರೆಯಲೇಬೇಕಾ?